ಬೇಟೆ ಸಾಮಾನು (ಸಿಂಧನೂರು–ಮಸ್ಕಿ–ಲಿಂಗಸುಗೂರು ಸೀಮೆ)

ಬೇಟೆಗೆ ಹೊರಟವರು ಜೊತೆಗೆ ಒಯ್ಯುತ್ತಿದ್ದ ಬಲೆ, ಉರುಳು, ಬಡಿಗೆ, ಆಯುಧ, ನಾಯಿ, ಬುತ್ತಿ, ಹೊದಿಕೆಗಳನ್ನು ಒಟ್ಟಾಗಿ ಬೇಟೆ ಸಾಮಾನು ಎನ್ನಬಹುದು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಈಚೆಗೆ ತಾಲ್ಲೂಕಾದ ಮಸ್ಕಿಯ ಸೀಮೆಯಲ್ಲಿ ಈ ಸಾಮಾನನ್ನು ಗೊತ್ತುಮಾಡಿದ್ದು ಅಲ್ಲಿನ ನೆಲ. ಸಿಂಧನೂರಿನ ಕಡೆ ಕಣ್ಣು ಹರಿಯುವಷ್ಟು ದೂರ ಎರೆ ಬಯಲು. ಮಸ್ಕಿ, ಮುದಗಲ್ಲಿನ ಕಡೆ ಬಂಡೆಗಲ್ಲಿನ ಗುಡ್ಡ. ಸಿಗುತ್ತಿದ್ದುದು ಮೊಲ, ಚಿಗರಿ (ಕೃಷ್ಣಮೃಗ), ಹಂದಿ, ಕೌಜುಗ. ಬಂದೂಕಿಗಿಂತ ಬಲೆ, ನಾಯಿ, ಓಡಬಲ್ಲ ಹತ್ತಾರು ಕಾಲುಗಳೇ ಇಲ್ಲಿ ಮುಖ್ಯ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಡಿ ಈ ಬೇಟೆ ಇಂದು ಅಪರಾಧ. ಹಾಗಾಗಿ ಈ ಲೇಖನದ ಬಹುಪಾಲು ಹಿಂದಿನ ಮಾತು. ಹಿಂದಿನದಷ್ಟೇ ಆಗಿ ಉಳಿದಿಲ್ಲ ಎಂಬುದು ಮುಂದೆ ಬರುತ್ತದೆ.

ಬೇಟೆಗೆ ಏನು ಒಯ್ಯಬೇಕೆಂಬುದು ಮಿಕದ ತೂಕವನ್ನೂ ಅವಲಂಬಿಸುತ್ತದೆ. ಕೆನಡಾ, ಅಲಾಸ್ಕಾಗಳಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಗೆ ಪರವಾನಗಿ ಪಡೆದು ಹೋಗುವವರ ಚೀಲದಲ್ಲಿ ಬಂದೂಕಿಗಿಂತ ಹೆಚ್ಚು ಜಾಗ ಹಿಡಿಯುವುದು ಕೊಂದ ಮೇಲೆ ಬೇಕಾಗುವ ವಸ್ತುಗಳು: ಮೂಳೆ ಕೊಯ್ಯುವ ಗರಗಸ, ಹಗ್ಗ, ಗಾಳಿಯಾಡುವ ಮಾಂಸದ ಚೀಲ. ಗಂಡು ಮೂಸ್ 400–500 ಕಿಲೊ ಅಥವಾ ಅದಕ್ಕೂ ಹೆಚ್ಚು ತೂಗಬಹುದು. ಅಷ್ಟು ಮಾಂಸ ಕೆಡದಂತೆ ಹೊತ್ತು ತರುವುದೇ ಅಲ್ಲಿ ದೊಡ್ಡ ಕೆಲಸ. ಎರೆ ಸೀಮೆಯ ಮೊಲ ಎರಡು–ಮೂರು ಕಿಲೊ. ಅದನ್ನು ಬಡಿಗೆಗೆ ಕಟ್ಟಿ ಹೆಗಲ ಮೇಲೆ ತರಬಹುದು. ಇಲ್ಲಿಯ ಸಾಮಾನೆಲ್ಲ ಹಿಡಿಯುವ ತನಕದ್ದು.

ಅದರಲ್ಲಿ ಮೊದಲನೆಯದು ಬಲೆ. ಪುಂಡಿ ಅಥವಾ ಸಣಬಿನ ನಾರನ್ನು ಹೊಸೆದ ಹುರಿಯಿಂದ ಹೆಣೆದ ಮೊಲದ ಬಲೆ ಎತ್ತರ ಕಡಿಮೆ, ಉದ್ದ ಹೆಚ್ಚು. ಮೊಲ ಓಡುವ ಜಾಡಿಗೆ ಅಡ್ಡವಾಗಿ ಸಣ್ಣ ಕೋಲುಗಳ ಮೇಲೆ ಇದನ್ನು ಸಡಿಲವಾಗಿ ನಿಲ್ಲಿಸುತ್ತಿದ್ದರು. ಬಿಗಿಯಾಗಿ ಕಟ್ಟಿದರೆ ಮೊಲ ಡಿಕ್ಕಿ ಹೊಡೆದು ಹಿಂದಕ್ಕೆ ಸಿಡಿದು ಪಾರಾಗುತ್ತದೆ. ಸಡಿಲವಿದ್ದರೆ ಬಲೆಯೇ ಮೇಲೆ ಬಿದ್ದು ಸುತ್ತಿಕೊಳ್ಳುತ್ತದೆ. ಗದ್ದಲ ಮಾಡುತ್ತ ಪೊದೆ ಬಡಿಯುತ್ತ ಬರುವ ಗುಂಪು ಒಂದು ಕಡೆ, ಬಲೆಯ ಬಳಿ ಉಸಿರು ಬಿಗಿಹಿಡಿದು ಕೂತವರು ಇನ್ನೊಂದು ಕಡೆ. ಒಬ್ಬನೇ ಹೋಗಿ ಮಾಡುವ ಬೇಟೆ ಇದಲ್ಲ. ಊರಿನ ಗಂಡಸರು ಒಟ್ಟಾಗಿ ಹೋಗುವ ಯುಗಾದಿಯ ಬೇಟೆಗೆ ಬಲೆ ಹೊಂದಿಕೊಂಡದ್ದು ಇದರಿಂದಲೇ. ಕಾಲವೂ ಕೂಡಿಬರುತ್ತಿತ್ತು: ಯುಗಾದಿಯ ಹೊತ್ತಿಗೆ ಹಿಂಗಾರಿ ಜೋಳ ಕೊಯ್ದು ಹೊಲ ಬರಿದಾಗಿರುತ್ತದೆ, ಮೊಲಕ್ಕೆ ಮರೆ ಇರುವುದಿಲ್ಲ, ರೈತರ ಕೈಗೆ ಕೆಲಸವೂ ಇರುವುದಿಲ್ಲ.

ಬಯಲಿನಲ್ಲಿ ಬಲೆಗೆ ಸರಿಸಮನಾದದ್ದು ನಾಯಿ. ಮುಧೋಳ ನಾಯಿ, ಅಥವಾ ಕಾರವಾನಿ, ವಾಸನೆಗಿಂತ ಕಣ್ಣನ್ನು ನಂಬಿ ಓಡುವ ಜಾತಿ. ಸಣ್ಣ ಸೊಂಟ, ಆಳವಾದ ಎದೆ, ಉದ್ದ ಕಾಲು. ಮಿಕ ಕಣ್ಣಿಗೆ ಬೀಳುವ ತೆರೆದ ನೆಲದಲ್ಲಿ ಮಾತ್ರ ಅದರ ಓಟಕ್ಕೆ ಬೆಲೆ. ಕಲ್ಲಿನ ಸಂದಿ, ಜಾಲಿ ಪೊದೆಗಳಿರುವ ಮಸ್ಕಿಯ ಗುಡ್ಡದ ಕಡೆ ಮೂಸಿ ಹುಡುಕುವ ಊರನಾಯಿಯೇ ಮೇಲು. ನಾಯಿ ಜೊತೆಗಿದ್ದರೆ ಸಾಮಾನೂ ಬೆಳೆಯುತ್ತದೆ: ಥಟ್ಟನೆ ಕಳಚಬಹುದಾದ ಹಗ್ಗ, ಅದಕ್ಕೂ ನೀರು, ರೊಟ್ಟಿಯಲ್ಲಿ ಅದಕ್ಕೊಂದು ಪಾಲು. ಬೇಟೆನಾಯಿಗೆ ಕನ್ನಡ ನಾಡು ಕೊಟ್ಟ ಮರ್ಯಾದೆಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸಾಕ್ಷಿ. ಕ್ರಿ.ಶ. 949–50ರ ಆ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪನ್ನು ಉಳಿಸಿದೆ.

ಚಿಗರಿಯ ಬೇಟೆಯೇ ಬೇರೆ ವಿದ್ಯೆ. ಓಟದಲ್ಲಿ ಅದನ್ನು ಹಿಂದೆ ಹಾಕುವ ನಾಯಿ ಸಿಗುವುದು ಕಷ್ಟ. ಹರಣಶಿಕಾರಿಗಳು, ಅಂದರೆ ಪಾರ್ಧಿ ಸಮುದಾಯದವರು, ಓಟದ ಬದಲು ಚಿಗರಿಯ ಜಗಳಗಂಟತನವನ್ನೇ ಬಳಸಿಕೊಂಡರು. ಪಳಗಿಸಿದ ಗಂಡು ಚಿಗರಿಯ ಕೊಂಬಿಗೆ ಉರುಳು ಕಟ್ಟಿ ಹಿಂಡಿನ ಹತ್ತಿರ ಬಿಡುವುದು. ತನ್ನ ನೆಲಕ್ಕೆ ಇನ್ನೊಂದು ಗಂಡು ಬಂತೆಂದು ಹಿಂಡಿನ ಒಡೆಯ ಕಾದಾಡಲು ಬಂದರೆ ಕೊಂಬು ಉರುಳಿಗೆ ಸಿಕ್ಕಿಬೀಳುವುದು. ಮೇಯುವ ಎತ್ತನ್ನು ಮರೆಯಾಗಿಟ್ಟುಕೊಂಡು ಸಮೀಪಿಸುವ ಉಪಾಯವೂ ಅವರದೇ. ಪಳಗಿದ ಜಿಂಕೆಯನ್ನು ಮುಂದೆ ಬಿಡುವ ಕ್ರಮ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಬೇಟೆಯ ಭಾಗದಲ್ಲಿ ಅದರ ವಿವರವಿದೆ. ಅರಸನಿಗೆ ವಿನೋದವಾಗಿದ್ದ ವಿದ್ಯೆ ಅಲೆಮಾರಿಗಳಿಗೆ ಹೊಟ್ಟೆಪಾಡಾಗಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕಾಲದಿಂದ ಪಾರ್ಧಿಗಳಿಗೆ ಅಂಟಿದ ಕಳಂಕ ಮಾತ್ರ ಅರಸರ ತಂಟೆಗೆ ಹೋಗಲಿಲ್ಲ.

ಬಂದೂಕು ಇರಲಿಲ್ಲವೆಂದಲ್ಲ; ಅದನ್ನು ಹಿಡಿದ ಪಡೆಗಳು ಹತ್ತಿರದಲ್ಲೇ ಇದ್ದವು. ಬೇಡ ನಾಯಕರ ಸುರಪುರ ಸಂಸ್ಥಾನ ಕೃಷ್ಣೆಯ ಆಚೆಗೇ ಇತ್ತು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ದಂಡು ಇತ್ತು. ಆದರೆ ಸಾಮಾನ್ಯ ಬೇಟೆಗಾರನಿಗೆ ಮದ್ದು, ಗುಂಡು ದುಬಾರಿ, ಮೇಲಾಗಿ ಸರ್ಕಾರದ ಕಣ್ಣು. 1857ರಲ್ಲಿ ಆಯುಧಗಳಿಗೆ ಪರವಾನಗಿ ಬೇಕೆಂಬ ಕಾನೂನು ಬಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಒಪ್ಪಿಸದೆ ದಂಗೆಯೆದ್ದದ್ದು, ಈಸ್ಟ್ ಇಂಡಿಯಾ ಕಂಪನಿಯ ಸೇನೆ ಆ ಊರನ್ನು ಸುಟ್ಟದ್ದು ಪ್ರಸಿದ್ಧ. ಬಲೆ, ಬಡಿಗೆ, ಕವಣೆಗಳಿಗೆ ಅಂಥ ತಂಟೆ ಇರಲಿಲ್ಲ.

ಉಳಿದದ್ದು ಮೈಗೂ ಹೊಟ್ಟೆಗೂ ಬೇಕಾದದ್ದು. ನಸುಕಿನ ಚಳಿಗೆ, ಹಾಸಿಗೆಗೆ, ಹೊದೆಯಲು, ಮಳೆ ಬಂದರೆ ಕೊಪ್ಪೆ ಹಾಕಿಕೊಳ್ಳಲು ಒಂದೇ ಕಂಬಳಿ. ಬುತ್ತಿಗೆ ಕಟಕ ಜೋಳದ ರೊಟ್ಟಿ, ಶೇಂಗಾ ಅಥವಾ ಗುರೆಳ್ಳಿನ ಹಿಂಡಿ, ಉಳ್ಳಾಗಡ್ಡಿ. ತೇವವಿಲ್ಲದ ಕಟಕ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ನೀರಿಗೆ ಸೋರೆ ಬುರುಡೆ. ಕಾಲಿಗೆ ದಪ್ಪ ಅಟ್ಟೆಯ ಕೆರ; ಏಕೆಂದರೆ ಜಾಲಿ ಮುಳ್ಳು ತೆಳ್ಳನೆಯ ಚರ್ಮವನ್ನು ಲೆಕ್ಕಕ್ಕಿಡುವುದಿಲ್ಲ. ಉಡದಾರಕ್ಕೆ ಕಟ್ಟಿದ ಸಣ್ಣ ಕಬ್ಬಿಣದ ಚಿಮಟವನ್ನು ಇಲ್ಲಿ ಹೇಳಲೇಬೇಕು. ಮುಳ್ಳು ಮುರಿದು ಅಂಗಾಲಿನಲ್ಲಿ ಉಳಿದರೆ ಓಟಗಾರ ಅಂದಿಗೆ ಕೂತಂತೆಯೇ. ಬೆರಳುದ್ದದ ಈ ವಸ್ತು ಕೊಡಲಿಯಷ್ಟೇ ಉಪಯೋಗಿ, ಆದರೂ ಬೇಟೆಯ ವರ್ಣನೆಗಳಲ್ಲಿ ಇದಕ್ಕೆ ಜಾಗ ಸಿಕ್ಕಿದ್ದು ಕಡಿಮೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಸಿಂಧನೂರಿನ ಬಯಲು ಭತ್ತದ ಗದ್ದೆಯಾಯಿತು. ಗದ್ದೆಯ ಕೆಸರಲ್ಲಿ ನಾಯಿ ಬಿಡುವಂತಿಲ್ಲ, ಚಿಗರಿಗೆ ಹುಲ್ಲಿಲ್ಲ. ಬೇಟೆ ಒಣಬೇಸಾಯದ ಕಡೆಗೆ ಸರಿಯಿತು. ಸಾಮಾನೂ ಬದಲಾಯಿತು: ನಾರಿನ ಬಲೆ ಹೋಗಿ ನೈಲಾನ್, ಚಂದ್ರನ ಬೆಳಕು ಹೋಗಿ ತಲೆಗೆ ಕಟ್ಟುವ ಬ್ಯಾಟರಿ ಲೈಟು, ಕಾಲ್ನಡಿಗೆ ಹೋಗಿ ಬೈಕು. ಕಣ್ಣಿಗೆ ಬೆಳಕು ಬಿದ್ದ ಮೊಲ ದಿಕ್ಕು ತೋಚದೆ ನಿಂತುಬಿಡುತ್ತದೆ. ಹಳೆಯ ಬೇಟೆಯಲ್ಲಿ ಮೊಲಕ್ಕಿದ್ದ ಅವಕಾಶ ಇದರಲ್ಲಿಲ್ಲ. ಇದನ್ನು ಸಂಪ್ರದಾಯವೆಂದು ಸಮರ್ಥಿಸುವುದು ಕಷ್ಟ.

1972ರ ಕಾಯ್ದೆಯ 2ನೇ ಕಲಮಿನ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಅಟ್ಟಿ ಓಡಿಸುವುದು, ಉರುಳು ಹಾಕುವುದು, ಬೋನೊಡ್ಡುವುದು, ಅವುಗಳ ಪ್ರಯತ್ನ ಕೂಡ ಬೇಟೆಯೇ. ಅದೇ ಕಲಮಿನಲ್ಲಿ ಆಯುಧ ಎಂದರೆ ಏನೇನೆಂಬ ಪಟ್ಟಿಯಿದೆ: ಬಂದೂಕು, ಬಿಲ್ಲುಬಾಣ, ಸಿಡಿಮದ್ದು, ಕೊಕ್ಕೆ, ಚಾಕು, ಬಲೆ, ವಿಷ, ಉರುಳು, ಬೋನು. ಅಪರಾಧಕ್ಕೆ ಬಳಸಿದ ಆಯುಧ, ವಾಹನಗಳು 39ನೇ ಕಲಮಿನಂತೆ ಸರ್ಕಾರದ ಸ್ವತ್ತಾಗುತ್ತವೆ. ಚಿಗರಿ ಮೊದಲಿನಿಂದಲೂ ಒಂದನೆಯ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿಯಲ್ಲಿ ಮೊಲ ಎರಡನೆಯ ಅನುಸೂಚಿಗೆ ಸೇರಿತು.

ಆದರೂ ಹಬ್ಬದ ಬೇಟೆ ನಿಂತಿಲ್ಲ. 2025ರ ಯುಗಾದಿಯ ಸಮಯದಲ್ಲಿ ಇದೇ ಸೀಮೆಯ ತುರ್ವಿಹಾಳದಲ್ಲಿ ಬೇಟೆಯಾಡಿದ ಮೊಲಗಳನ್ನು ಮೆರವಣಿಗೆಯಲ್ಲಿ ಪ್ರದರ್ಶಿಸಿದ ವಿಡಿಯೊ ಹರಿದಾಡಿ, ವನ್ಯಜೀವಿ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಬೇಟೆ ಬಿಡಬೇಕೆಂಬ ಮಾತು ಹೊಸದೇನಲ್ಲ. ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ, ಅಶೋಕನ ಹೆಸರನ್ನು ಖಚಿತಪಡಿಸಿದ ಬಂಡೆ ಶಾಸನ ಇದೇ ಸೀಮೆಯಲ್ಲಿದೆ. ಅದರಲ್ಲಿ ಬೇಟೆಯ ಪ್ರಸ್ತಾಪವಿಲ್ಲ. ರಾಜನ ಬೇಟೆಗಾರರೂ ಮೀನುಗಾರರೂ ತಮ್ಮ ಕಸುಬು ಬಿಟ್ಟರೆಂಬ ಮಾತಿರುವುದು ದೂರದ ಕಂದಹಾರದಲ್ಲಿ ಸಿಕ್ಕ ಅವನ ಗ್ರೀಕ್–ಅರಮಾಯಿಕ್ ಶಾಸನದಲ್ಲಿ.

ಕಾನೂನಿನ ತಂಟೆಯಿಲ್ಲದೆ ಉಳಿದಿರುವುದು ಕುರಿಗಾರರ ಬಳಿಯ ಸಾಮಾನು. ಕಂಬಳಿ, ಕೊಡಲಿ, ಚಿಮಟ ಅವರಲ್ಲಿ ಈಗಲೂ ಇವೆ. ಬಲೆಯನ್ನು ರಾತ್ರಿ ಕುರಿಹಿಂಡಿನ ಸುತ್ತ ಕಟ್ಟುತ್ತಾರೆ, ನಾಯಿಯನ್ನು ತೋಳ ಬಾರದಂತೆ ಕಾವಲಿಗಿಡುತ್ತಾರೆ.