ಸೋದೆಯಿಂದ ಹೇಗ್‌ವರೆಗೆ: ಒಂದು ಉಲ್ಲೇಖದ ದಾರಿ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಸ್ವಂತ ಕಣ್ಣು ಕಂಡದ್ದಕ್ಕೇ ಇಷ್ಟು ಎಚ್ಚರ ಬೇಕಾದರೆ, ಯಾರೋ ಕಂಡೆವೆಂದು ಬರೆದಿಟ್ಟದ್ದಕ್ಕೆ ಎಷ್ಟು ಎಚ್ಚರ ಬೇಕೆಂಬುದನ್ನು ಹೇಳಬೇಕಾಗಿಲ್ಲ. ಪುಟದ ಅಡಿಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗುವ ಒಂದು ಸಾಲನ್ನು, ಇಂಥ ಗ್ರಂಥ, ಇಂಥ ಸಂಪುಟ, ಇಂಥ ಪುಟ ಎಂಬ ಉಲ್ಲೇಖವನ್ನು, ಸಾಮಾನ್ಯವಾಗಿ ನಾವು ವಿದ್ವತ್ತಿನ ಅಲಂಕಾರವೆಂದು ಬಗೆದು ದಾಟಿಹೋಗುತ್ತೇವೆ. ನ್ಯಾಯಶಾಸ್ತ್ರದಲ್ಲಿ ಆ ಸಾಲು ಒಬ್ಬ ಸಾಕ್ಷಿ. ಸಾಕ್ಷಿಯನ್ನು ಕಟಕಟೆಗೆ ಕರೆಯದೆ ಅವನ ಮಾತನ್ನು ಒಪ್ಪಿಕೊಳ್ಳುವಂತಿಲ್ಲ. ಮೂಲವಿಲ್ಲದ್ದನ್ನು ಬರೆಯೆನೆಂದು ವ್ಯಾಖ್ಯಾನಕಾರ ಮಲ್ಲಿನಾಥಸೂರಿ ಪ್ರತಿಜ್ಞೆ ಮಾಡಿದನಷ್ಟೆ. ಮೂಲವನ್ನು ನೋಡದೆ ಒಪ್ಪೆನೆಂಬುದು ಓದುಗನ ಪ್ರತಿಜ್ಞೆಯಾಗಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದ ನೆರಳಿನಲ್ಲಿ ಬದುಕುವ ನಮಗೂ ದೇಶದೇಶಗಳ ನಡುವಣ ಕಾನೂನಿಗೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧವಿದೆ. ಶಿರಸಿ ತಾಲ್ಲೂಕಿನ ಸೋದೆ ಒಂದು ಕಾಲಕ್ಕೆ ರಾಜಧಾನಿ. ವಾದಿರಾಜರ ಮಠದಿಂದ ಇಂದು ಹೆಸರಾದ ಈ ಊರಿನ ಅರಸರ ಅಧಿಕಾರ ಘಟ್ಟದ ಕೆಳಗೆ ಗೋವೆಯ ಗಡಿಯವರೆಗೂ ಹರಡಿತ್ತು. 1763–64ರ ವೇಳೆಗೆ ಹೈದರನ ದಂಡು ಬಂದಾಗ ಇಮ್ಮಡಿ ಸದಾಶಿವ ನಾಯಕ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಫೋಂಡಾ, ಕಾಣಕೋಣ ಮೊದಲಾದ ಸೋದೆಯ ಸೀಮೆಗಳು ಪೋರ್ಚುಗೀಸರ ಕೈಸೇರಿದವು. 1791ರ ಒಪ್ಪಂದದಿಂದ ಅದಕ್ಕೆ ವಿಧಿವತ್ತಾದ ರೂಪ ಬಂತು. ಫೋಂಡಾದ ಬಳಿಯ ಬಾಂದಿವಡೆಯಲ್ಲಿ ಸೌಂದೇಕರರೆಂಬ ಹೆಸರಿನಲ್ಲಿ ಆ ಮನೆತನ ಉಳಿದುಬಂತು. ಹೀಗೆ ಮಲೆನಾಡಿನ ಒಬ್ಬ ಅರಸನ ಮಾತು ಯೂರೋಪಿನ ಒಂದು ರಾಜ್ಯದ ಕಾನೂನು ದಾಖಲೆಯಾಯಿತು.

ಆ ದಾಖಲೆಯನ್ನು ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು? ಭಾರತದ ಅರಸರೊಡನೆ ಪೋರ್ಚುಗೀಸರು ಮಾಡಿಕೊಂಡ ಒಪ್ಪಂದಗಳನ್ನು ಜೂಲಿಯೊ ಬಿಕೆರ್ ಎಂಬಾತ ಸಂಗ್ರಹಿಸಿ 1881ರಿಂದ 1887ರ ಅವಧಿಯಲ್ಲಿ ಲಿಸ್ಬನ್ ನಗರದಲ್ಲಿ ಹದಿನಾಲ್ಕು ಸಂಪುಟಗಳಾಗಿ ಪ್ರಕಟಿಸಿದ. ಇತಿಹಾಸಕಾರರ ಉಲ್ಲೇಖಗಳಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರು ಇದೇ. ಆದರೆ ಅಲ್ಲಿ ಸೋದೆಯೆಂದು ಹುಡುಕಿದರೆ ಸೋದೆ ಸಿಕ್ಕದು. ನಮ್ಮ ಸೋದೆ, ಸ್ವಾದಿ, ಸುಧಾಪುರಗಳೆಲ್ಲ ಪೋರ್ಚುಗೀಸರ ಬಾಯಲ್ಲಿ ಸುಂದಾ. ಇಂಗ್ಲಿಷರ ಬಾಯಲ್ಲಿ ಸೂಂಡಾ. ಹೊನ್ನಾವರ ಓನೊರ್ ಆಗಿದೆ, ಬಸರೂರು ಬಾರ್ಸೆಲೊರ್ ಆಗಿದೆ. ಇನ್ನೂ ಒಂದು ತೊಡಕುಂಟು. ಜಾವಾ ದ್ವೀಪದಲ್ಲಿಯೂ ಸುಂದಾ ಎಂಬ ರಾಜ್ಯವೊಂದಿತ್ತು. ಅದರ ಅರಸನೊಡನೆಯೂ ಪೋರ್ಚುಗೀಸರು 1522ರಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಹೆಸರೊಂದನ್ನೇ ನೆಚ್ಚಿ ಹೊರಟವನು ಸಹ್ಯಾದ್ರಿಯನ್ನು ಹುಡುಕುತ್ತ ಜಾವಾ ಸಮುದ್ರದ ದಂಡೆಯಲ್ಲಿ ನಿಲ್ಲಬೇಕಾದೀತು. ಗೋವೆಯ ಪುರಾಭಿಲೇಖಾಲಯವನ್ನು ಅನೇಕ ವರ್ಷ ನೋಡಿಕೊಂಡ ಪಾಂಡುರಂಗ ಪಿಸುರ್ಲೇಕರ್, ಗೋವೆ ಮತ್ತು ಕೆನರಾ ಸಂಬಂಧಗಳ ಇತಿಹಾಸವನ್ನು ಬರೆದ ಬಿ.ಎಸ್. ಶಾಸ್ತ್ರಿ ಮೊದಲಾದ ವಿದ್ವಾಂಸರ ಬಗ್ಗೆ ನನಗೆ ಗೌರವ ಹೆಚ್ಚುವುದು ಈ ಕಾರಣಕ್ಕೆ. ಅವರು ಮೂಲದ ಭಾಷೆಯಲ್ಲಿಯೇ ಕಾಗದಗಳನ್ನು ಓದಿದರು.

ಮೂಲವನ್ನು ನೋಡುವುದರಿಂದ ಏನಾಗುತ್ತದೆಂಬುದಕ್ಕೆ ಇಂಥದೇ ಇನ್ನೊಂದು ಒಪ್ಪಂದದ ಕಥೆ ಸಾಕು. ಇದು ಸೋದೆಯದಲ್ಲ, ಪೇಶ್ವೆಯದು. 1779ರ ಡಿಸೆಂಬರಿನಲ್ಲಿ ಪುಣೆಯ ಮರಾಠರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದಲ್ಲಿ, ವರ್ಷಕ್ಕೆ ಹನ್ನೆರಡು ಸಾವಿರ ರೂಪಾಯಿ ಉತ್ಪನ್ನದ ಹಳ್ಳಿಗಳನ್ನು ದಮನ್ ಬಳಿ ಕೊಡುವ ಮಾತಿತ್ತು. 1783 ಮತ್ತು 1785ರ ಸನದುಗಳಿಂದ ಹಳ್ಳಿಗಳು ಹಸ್ತಾಂತರವಾದವು. ಅವೇ ದಾದ್ರಾ ಮತ್ತು ನಗರ ಹವೇಲಿ. 1954ರಲ್ಲಿ ಅಲ್ಲಿ ಪೋರ್ಚುಗೀಸರ ಆಡಳಿತ ಕೊನೆಗೊಂಡಿತು. ದಮನ್‌ನಿಂದ ಅಲ್ಲಿಗೆ ಹೋಗಲು ಭಾರತ ದಾರಿ ಬಿಡಲಿಲ್ಲ. ಪೋರ್ಚುಗಲ್ 1955ರ ಡಿಸೆಂಬರ್ 22ರಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. ಹಳ್ಳಿಗಳ ಮೇಲಣ ಸಾರ್ವಭೌಮತ್ವ, ಅದರೊಡನೆ ಹಾದುಹೋಗುವ ಹಕ್ಕು, ಎರಡೂ ತನಗೆ 1779ರಲ್ಲಿಯೇ ಬಂದಿವೆ ಎಂಬುದು ಅದರ ವಾದ.

ಸುಮಾರು ನೂರೆಂಬತ್ತು ವರ್ಷಗಳಷ್ಟು ಹಳೆಯ ಕಾಗದ ಈಗ ಕಟಕಟೆಯಲ್ಲಿ ನಿಂತಿತು. ಒಪ್ಪಂದದ ಹದಿನೇಳನೆಯ ಕಲಮಿಗೆ ಒಂದೇ ಪಾಠವಿರಲಿಲ್ಲ. ಹಲವು ಪಾಠಗಳು ನ್ಯಾಯಾಲಯದ ಮುಂದೆ ಬಂದವು. ಹಳಗನ್ನಡ ಕಾವ್ಯಗಳ ಪಾಠಾಂತರಗಳನ್ನು ಕಂಡವರಿಗೆ ಈ ಸಂಕಟ ಹೊಸದೇನಲ್ಲ. ನ್ಯಾಯಾಧೀಶರು ಅವನ್ನೆಲ್ಲ ಪರಿಶೀಲಿಸಿ, ಸಾರ್ವಭೌಮತ್ವವನ್ನು ಬಿಟ್ಟುಕೊಡುವ ಉದ್ದೇಶ ಆ ಮಾತುಗಳಲ್ಲಿ ಕಾಣುವುದಿಲ್ಲವೆಂದರು. ಸನದುಗಳನ್ನು ನೋಡಿದಾಗ ವಿಷಯ ಇನ್ನೂ ಸ್ಪಷ್ಟವಾಯಿತು. ಕೊಟ್ಟದ್ದು ಜಹಗೀರು, ಅಥವಾ ಸರಂಜಾಮು. ಎಂದರೆ ಹಳ್ಳಿಯ ಹುಟ್ಟುವಳಿಯನ್ನು ಅನುಭವಿಸುವ ಹಕ್ಕು. ಹಳ್ಳಿಯನ್ನೇ ಕೊಟ್ಟದ್ದಲ್ಲ. ಹಾಗಾದರೂ ಮುಂದೆ ಬ್ರಿಟಿಷರು ಪೋರ್ಚುಗೀಸರ ಅಧಿಕಾರವನ್ನು ವ್ಯವಹಾರದಲ್ಲಿ ಒಪ್ಪಿ ನಡೆದುಕೊಂಡಿದ್ದರು. ಸಾಮಾನ್ಯ ಜನ, ಸಿವಿಲ್ ಅಧಿಕಾರಿಗಳು, ಸರಕುಗಳ ಓಡಾಟ ನೂರಿಪ್ಪತ್ತೈದು ವರ್ಷಗಳಿಗೂ ಮಿಕ್ಕಿ ನಡೆದುಬಂದಿತ್ತು. ಆ ರೂಢಿಯಿಂದಲೇ ಅಷ್ಟರಮಟ್ಟಿನ ಹಕ್ಕು ಹುಟ್ಟಿದೆಯೆಂದು ತೀರ್ಪಾಯಿತು. ಸೈನ್ಯಕ್ಕೆ, ಶಸ್ತ್ರಸಜ್ಜಿತ ಪೊಲೀಸರಿಗೆ ಆ ಹಕ್ಕಿಲ್ಲವೆಂದೂ, 1954ರಲ್ಲಿ ಭಾರತ ತನ್ನ ಕರ್ತವ್ಯವನ್ನು ಮೀರಲಿಲ್ಲವೆಂದೂ ನ್ಯಾಯಾಲಯ ಹೇಳಿತು.

ಈ ತೀರ್ಪನ್ನು ಪರೀಕ್ಷಿಸ ಹೊರಟವನು ನೋಡಬೇಕಾದದ್ದು ಯಾವ ಪುಟ? ನ್ಯಾಯಾಲಯದ ವರದಿಗಳಲ್ಲಿ ಇದೇ ಹೆಸರಿನ ತೀರ್ಪುಗಳು ಎರಡಿವೆ. 1957ರ ಸಂಪುಟದ 125ನೆಯ ಪುಟದಿಂದ ತೊಡಗುವುದು ಮೊಕದ್ದಮೆಯನ್ನು ಕೇಳಬಹುದೇ ಎಂಬ ಪ್ರಾಥಮಿಕ ತಕರಾರುಗಳ ತೀರ್ಪು. 1960ರ ಸಂಪುಟದ 6ನೆಯ ಪುಟದಿಂದ ತೊಡಗುವುದು ಏಪ್ರಿಲ್ 12ರಂದು ಬಂದ ನಿಜವಾದ ತೀರ್ಪು. ವರ್ಷ ಒಂದು ತಪ್ಪಿದರೆ ಒಪ್ಪಂದದ ವಿಚಾರವೇ ತಪ್ಪಿಹೋಗುತ್ತದೆ. ಸಂಪುಟ ಸರಿಯಾಗಿ ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ದಾರಿಯ ಹಕ್ಕಿದೆಯೆಂದವರು ಹನ್ನೊಂದು ಮಂದಿ, ಇಲ್ಲವೆಂದವರು ನಾಲ್ವರು. ಸೈನ್ಯಕ್ಕೆ ಹಕ್ಕಿಲ್ಲವೆಂದವರು ಎಂಟು ಮಂದಿ, ಭಿನ್ನಮತದವರು ಏಳು ಮಂದಿ. ಭಿನ್ನಮತಗಳೂ ಅದೇ ಸಂಪುಟದಲ್ಲಿ ಅಚ್ಚಾಗಿವೆ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ಅಲ್ಲಿಯ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಂ.ಸಿ. ಛಾಗ್ಲಾ ಅವರದೂ ಅವುಗಳಲ್ಲೊಂದು. ಅವರ ಒಂದು ಸೊಗಸಾದ ವಾಕ್ಯವನ್ನು ಎತ್ತಿಕೊಂಡು ಅದೇ ನ್ಯಾಯಾಲಯದ ಮಾತೆಂದು ಬರೆದರೆ, ಪುಟಸಂಖ್ಯೆ ಸರಿಯಿದ್ದೂ ಉಲ್ಲೇಖ ಸುಳ್ಳಾಗುತ್ತದೆ.

ಹಳ್ಳಿಯನ್ನು ಕೊಟ್ಟರೋ, ಹಳ್ಳಿಯ ಹುಟ್ಟುವಳಿಯನ್ನು ಕೊಟ್ಟರೋ ಎಂಬ ಹೇಗಿನ ಪ್ರಶ್ನೆಯನ್ನು ಓದುವಾಗಲೆಲ್ಲ ನನಗೆ ನಮ್ಮ ಸೊಪ್ಪಿನ ಬೆಟ್ಟಗಳು ನೆನಪಾಗುತ್ತವೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟವೆಂಬ ಲೆಕ್ಕ ಇಲ್ಲಿಯ ಮಕ್ಕಳಿಗೂ ಗೊತ್ತು. ಕೊಟ್ಟದ್ದು ಬೆಟ್ಟವನ್ನೋ, ಬೆಟ್ಟದ ಸೊಪ್ಪು ದರಕುಗಳನ್ನೋ? ನಾವು ಬೆಟ್ಟ ನಮ್ಮದೆನ್ನುತ್ತೇವೆ. ಸರ್ಕಾರದ ಕಾಗದ ಅದನ್ನು ಸವಲತ್ತು ಎನ್ನುತ್ತದೆ. ಈ ಒಂದು ಶಬ್ದದ ಹಿಂದೆ ದೊಡ್ಡ ವ್ಯಾಜ್ಯಗಳ ಇತಿಹಾಸವಿದೆ. ಕಂದಾಯದ ಏರಿಕೆಯನ್ನು ಪ್ರಶ್ನಿಸಿದ ವೈಕುಂಠ ಬಾಪೂಜಿಯ ಮೊಕದ್ದಮೆ 1875ರದು. ಕಾಡಿನ ಒಡೆತನಕ್ಕಾಗಿ ಭಾಸ್ಕರಪ್ಪ ಉತ್ತರ ಕನ್ನಡದ ಕಲೆಕ್ಟರರ ವಿರುದ್ಧ ಹೂಡಿದ್ದು 1879ರಲ್ಲಿ ತೀರ್ಮಾನವಾಯಿತು. ಎರಡನೆಯದು ಇಂಡಿಯನ್ ಲಾ ರಿಪೋರ್ಟ್ಸ್, ಮುಂಬಯಿ ಮಾಲೆಯ ಮೂರನೆಯ ಸಂಪುಟ, 452ನೆಯ ಪುಟದಲ್ಲಿ ನೇರವಾಗಿ ಸಿಗುತ್ತದೆ. ಮೊದಲನೆಯದು ಮುಂಬಯಿ ಹೈಕೋರ್ಟ್ ರಿಪೋರ್ಟ್ಸ್‌ನ ಹನ್ನೆರಡನೆಯ ಸಂಪುಟದಲ್ಲಿ, ಅನುಬಂಧದ ಮೊದಲ ಪುಟದಲ್ಲಿ. ಅನುಬಂಧಕ್ಕೆ ಬೇರೆಯೇ ಪುಟಸಂಖ್ಯೆ. ನಕಲು ಮಾಡುವವನು ಅನುಬಂಧವೆಂಬ ಮಾತನ್ನು ಬಿಟ್ಟನೆಂದರೆ, ಹುಡುಕುವವನು ಸಂಪುಟದ ಮೊದಲ ಪುಟದಲ್ಲಿ ಬೇರಾವುದೋ ಮೊಕದ್ದಮೆಯನ್ನು ಕಂಡು, ಈ ತೀರ್ಪೇ ಇಲ್ಲವೆಂದು ಪುಸ್ತಕ ಮುಚ್ಚುತ್ತಾನೆ.

ಕಾಗದಗಳು ಎಲ್ಲೆಲ್ಲಿ ಚದುರಿವೆಯೆಂಬುದನ್ನೂ ನೋಡಿ. 1799ರ ನಂತರ ಮದರಾಸು, 1862ರಿಂದ ಮುಂಬಯಿ, 1956ರಿಂದ ಮೈಸೂರು ರಾಜ್ಯ, ಅದೇ 1973ರಿಂದ ಕರ್ನಾಟಕ. ಒಂದೇ ಹಳ್ಳಿಯ ಚರಿತ್ರೆಗೆ ಚೆನ್ನೈ, ಮುಂಬಯಿ, ಬೆಂಗಳೂರು, ಪಣಜಿಗಳಲ್ಲದೆ ಲಂಡನ್, ಲಿಸ್ಬನ್‌ಗಳನ್ನೂ ಕೇಳಬೇಕಾಗುತ್ತದೆ. ಇಂದು ಬಿಕೆರನ ಸಂಪುಟಗಳನ್ನೂ ಹೇಗಿನ ತೀರ್ಪುಗಳನ್ನೂ ಮನೆಯಲ್ಲಿ ಕುಳಿತೇ ಗಣಕಯಂತ್ರದ ಪರದೆಯ ಮೇಲೆ ಓದಬಹುದು. ಮೂಲ ಹತ್ತಿರ ಬಂದಿದೆ. ನಕಲಿನ ನಕಲು ಅದಕ್ಕಿಂತಲೂ ಹತ್ತಿರ ಬಂದಿದೆ. ಆದ್ದರಿಂದ ಪ್ರಮಾಣಿಸುವ ಹೊಣೆ ಕಡಿಮೆಯಾಗಿಲ್ಲ.

ಇದು ವಿದ್ವಾಂಸರ ವಿನೋದವೆಂದು ಯಾರೂ ಭಾವಿಸಬಾರದು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಬುಡಕಟ್ಟಿಗೆ ಸೇರದ ಅರಣ್ಯವಾಸಿ ತಾನು ಮೂರು ತಲೆಮಾರಿನಿಂದ ಅಲ್ಲಿದ್ದೇನೆಂದು ತೋರಿಸಬೇಕು. ತಲೆಮಾರಿಗೆ ಇಪ್ಪತ್ತೈದು ವರ್ಷದಂತೆ, 2005ರ ಡಿಸೆಂಬರ್ 13ರಿಂದ ಹಿಂದಕ್ಕೆ ಎಪ್ಪತ್ತೈದು ವರ್ಷ. ಗೆಜೆಟಿಯರು, ಜನಗಣತಿ, ಮೋಜಣಿ ವರದಿ, ನಕಾಶೆಗಳನ್ನು ನಿಯಮಗಳು ಪುರಾವೆಯಾಗಿ ಒಪ್ಪುತ್ತವೆ. ಬರೆದುಕೊಂಡ ಹಿರಿಯರ ಹೇಳಿಕೆಯನ್ನೂ ಒಪ್ಪುತ್ತವೆ. ಕಾಡಂಚಿನ ಒಂದು ಗುಡಿಸಲಿನ ಅಳಿವು ಉಳಿವು ಈಗ ಒಂದು ಪುಟಸಂಖ್ಯೆಯ ಮೇಲೆ ನಿಂತಿರಬಹುದು. ಒಂದು ಅರ್ಜಿಯಿಂದ ಇನ್ನೊಂದಕ್ಕೆ ಕಣ್ಣುಮುಚ್ಚಿ ನಕಲಾಗುತ್ತ ಬಂದ ಆಧಾರಗಳನ್ನು ನಾನು ಈ ತಾಲ್ಲೂಕುಗಳಲ್ಲಿ ಕಂಡಿದ್ದೇನೆ. ಬರೆದುಕೊಟ್ಟವನಿಗೆ ಅದು ಒಂದು ಸಾಲು. ಅರ್ಜಿದಾರನಿಗೆ ಅವನ ಅಂಗಳ.

ಒಪ್ಪಂದದ ಕಾಗದ ಕೊಡದಿದ್ದ ಹಕ್ಕನ್ನು ಹೇಗ್ ನ್ಯಾಯಾಲಯ ಜನರ ನಡೆದಾಟದಲ್ಲಿ ಕಂಡಿತು. ಆದರೆ ಆ ನಡೆದಾಟವೂ ದಾಖಲೆಗಳಿಂದಲೇ ಸಿದ್ಧವಾಗಬೇಕಾಯಿತು. ಮುತ್ತಜ್ಜ ತುಳಿದ ಕಾಲುದಾರಿ ಎಲ್ಲಿಯೋ ಒಂದು ನಕಾಶೆಯಲ್ಲಿ ಗೆರೆಯಾಗಿ ಇದ್ದೀತು. ಇಲ್ಲದಿದ್ದರೆ ಊರಿನ ಹಿರಿಯರೊಬ್ಬರ ನೆನಪಿನಲ್ಲಿ ಇದ್ದೀತು. ನಕಾಶೆ ಕಪಾಟಿನಲ್ಲಿ ಕಾದೀತು. ಹಿರಿಯರ ಮಾತನ್ನು ಮಾತ್ರ ಅವರಿರುವಾಗಲೇ ಬರೆದುಕೊಳ್ಳಬೇಕು. ಬರೆದವರ ಹೆಸರು, ದಿನಾಂಕ, ಸ್ಥಳಗಳನ್ನು ಕೆಳಗೆ ಕಾಣಿಸಬೇಕು. ಮುಂದೆ ಅದನ್ನು ಪ್ರಮಾಣಿಸಿ ನೋಡುವವನು ಬಂದೇ ಬರುತ್ತಾನೆ.