ಮಡಿಕೇರಿ

ಪಶ್ಚಿಮಘಟ್ಟದ ಮೇಲೆ, ಸಮುದ್ರಮಟ್ಟದಿಂದ 1,000 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಪಟ್ಟಣ; ಹಾಲೇರಿ ಅರಸರ ರಾಜಧಾನಿಯಾಗಿದ್ದು, ಈಗ ಕೊಡಗು ಜಿಲ್ಲೆಯ ಆಡಳಿತ ಕೇಂದ್ರ. ಮುದ್ದುರಾಜ 1681ರಲ್ಲಿ ಹಾಲೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಅವನು ಕಟ್ಟಿಸಿದ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಪುನರ್ನಿರ್ಮಿಸಿ ಜಾಫರಾಬಾದ್ ಎಂದು ಕರೆದ; 1790ರಲ್ಲಿ ಅದು ದೊಡ್ಡವೀರರಾಜೇಂದ್ರನ ವಶವಾಯಿತು.

ಕೋಟೆಯೊಳಗಿನ ಅರಮನೆ 1812–14ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಅಂಗಳದ ಮೂಲೆಯಲ್ಲಿ ಗಾರೆಯ ಎರಡು ಆನೆಗಳು ಜೀವಗಾತ್ರದಲ್ಲಿ ನಿಂತಿವೆ. ಆವರಣದ ಹಳೆಯ ಚರ್ಚು ಈಗ ವಸ್ತುಸಂಗ್ರಹಾಲಯ. ಅದೇ ಅರಸನ ಓಂಕಾರೇಶ್ವರ ದೇವಾಲಯ (1820) ವಾಸ್ತುವಿನ ದೃಷ್ಟಿಯಿಂದ ಊರಿನ ಅತಿ ವಿಶಿಷ್ಟ ಕಟ್ಟಡ: ನಡುವೆ ಗುಮ್ಮಟ, ನಾಲ್ಕು ಮೂಲೆಗೂ ಮಿನಾರು, ಎದುರಿನ ಕೊಳದ ಮಧ್ಯೆ ಮಂಟಪ. ಅರಸರ ಸಮಾಧಿಗಳಿರುವ ಗದ್ದುಗೆಯಲ್ಲೂ ಗುಮ್ಮಟ ಶೈಲಿಯೇ ಇದೆ. ಪ್ರವಾಸಿಗಳು ಹೆಚ್ಚಾಗಿ ಸೇರುವುದು ಮಾತ್ರ ಸೂರ್ಯಾಸ್ತದ ರಾಜಾಸೀಟಿನಲ್ಲಿ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಊರು ರಾಜಧಾನಿಯಾಗಿಯೇ ಉಳಿಯಿತು.

ರೈಲು ಇಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಿಂದ ಬರುವವರು ಹಾಸನ, ಕುಶಾಲನಗರದ ಮೂಲಕ ರಸ್ತೆಯಲ್ಲೇ ಘಟ್ಟ ಹತ್ತಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು; ದಸರೆಯಲ್ಲಿ ನಾಲ್ಕು ಕರಗ, ಹತ್ತು ಮಂಟಪಗಳ ಮೆರವಣಿಗೆ ನಡೆಯುತ್ತದೆ.