ಪ್ರೀಮಿಯರ್ ಪದ್ಮಿನಿಗೆ ಮರುಜೀವ: ಬಿಡಿಭಾಗ ಹುಡುಕುವುದು ಎಲ್ಲಿ, ಹೇಗೆ?

ಮುಂಬೈನ ಕುರ್ಲಾದಲ್ಲಿ 1964ರಿಂದ ತಯಾರಾದ ಫಿಯೆಟ್ 1100 ಮಾದರಿಯ ಕಾರೇ 1970ರ ದಶಕದಲ್ಲಿ ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರು ಪಡೆಯಿತು. ಉತ್ಪಾದನೆ ನಿಂತ ಮೇಲೂ ಅದರ ಬಿಡಿಭಾಗಗಳಿಗೆ ಬೇಡಿಕೆ ಉಳಿಸಿದ್ದು ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳು. 2023ರ ಅಕ್ಟೋಬರ್‌ನಲ್ಲಿ ಅವೂ ರಸ್ತೆಯಿಂದ ಮರೆಯಾದವು. ಹೀಗಾಗಿ ಕಾರನ್ನು ದುರಸ್ತಿ ಮಾಡಿಸುವ ಆಸೆಯುಳ್ಳವರು ತಡಮಾಡದಿರುವುದು ಒಳಿತು.

ಎಲ್ಲಿ ಹುಡುಕಬೇಕು?
ಮುಂಬೈನ ಕುರ್ಲಾ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ ಹಾಗೂ ಬೆಂಗಳೂರಿನ ಜೆ.ಸಿ. ರಸ್ತೆ ವಾಹನ ಬಿಡಿಭಾಗಗಳಿಗೆ ಹೆಸರಾದ ಮಾರುಕಟ್ಟೆಗಳು. ಹೋಗುವಾಗ ಹಳೆಯ ಭಾಗವನ್ನೇ ಜೊತೆಗೆ ಒಯ್ಯಿರಿ. ವರ್ಷದಿಂದ ವರ್ಷಕ್ಕೆ ಗ್ರಿಲ್, ದೀಪ, ಕ್ರೋಮ್ ಪಟ್ಟಿಗಳ ವಿನ್ಯಾಸ ಬದಲಾಗಿರುವುದರಿಂದ ಹೆಸರು ಹೇಳಿದರಷ್ಟೇ ಸಾಲದು.

ಏನು ಗಮನಿಸಬೇಕು?
ಬಳಸದೇ ಇಟ್ಟಿದ್ದ ರಬ್ಬರ್ ಭಾಗವೂ ಕಾಲಕ್ರಮೇಣ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬ್ರೇಕ್ ಹೋಸ್, ಸೀಲ್‌ಗಳನ್ನು ಹೊಸದಾಗಿ ತಯಾರಾದದ್ದೇ ಕೊಳ್ಳಬೇಕು. ಸಿಗದ ಬುಷ್, ಪಿನ್‌ಗಳನ್ನು ಲೇತ್ ವರ್ಕ್‌ಶಾಪ್‌ನಲ್ಲಿ ಮಾದರಿ ಕೊಟ್ಟು ಮಾಡಿಸಬಹುದು. ಹಾಗಾಗಿ ಕೆಲಸ ಮುಗಿಯುವವರೆಗೆ ಹಳೆಯದ್ದೇನನ್ನೂ ಗುಜರಿಗೆ ಹಾಕಬೇಡಿ.

ನಿಯಮ ಏನು?
ಬೇರೆ ಕಾರಿನ ಎಂಜಿನ್ ಕೂರಿಸುವುದು ಸುಲಭ ಎನಿಸಬಹುದು. ಆದರೆ 2021ರ ಕೇಂದ್ರ ನಿಯಮದಂತೆ ‘ವಿಂಟೇಜ್’ ನೋಂದಣಿಗೆ ಕಾರು 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ ಮಾರ್ಪಡಿಸಿದರೆ ಆ ಅವಕಾಶ ಕೈತಪ್ಪುತ್ತದೆ. ಆದ್ದರಿಂದ ಮೂಲ ಎಂಜಿನ್ ಕೆಟ್ಟಿದ್ದರೂ ಬದಲಿಸುವ ಮುನ್ನ ರಿಪೇರಿಯ ದಾರಿ ನೋಡುವುದು ಲೇಸು.